ರನ್‌ವೇಗೆ ಅನುದಾನ, ಹ್ಯಾಂಗರಿಗೆ ಸಾಲ

ಡಾಂಬರಿನ ರನ್‌ವೇ ಹಾಳಾಗಲು ಶುರುವಾಗುವುದು ಕೂದಲೆಳೆಯಂಥ ಒಂದು ಬಿರುಕಿನಿಂದ. ಬಿಸಿಲಿಗೆ ಡಾಂಬರು ಒಣಗಿ ಸೀಳು ಬಿಡುತ್ತದೆ. ಮಳೆ ಬಂದಾಗ ಆ ಸೀಳಿನೊಳಕ್ಕೆ ನೀರು ಇಳಿಯುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ, ಹಿಗ್ಗಿ, ಸೀಳನ್ನು ಇನ್ನಷ್ಟು ಅಗಲ ಮಾಡುತ್ತದೆ. ಹೀಗೇ ಕೆಲವು ವರ್ಷ ಬಿಟ್ಟರೆ ಅಂಚಿನ ಜಲ್ಲಿ ಕಿತ್ತು ಮೇಲೆ ಬರುತ್ತದೆ. ತಿರುಗುತ್ತಿರುವ ಪ್ರೊಪೆಲ್ಲರಿನ ಅಲಗು ಮುಕ್ಕಾಗಲು ಕಡಲೆಕಾಳಿನಷ್ಟು ಕಲ್ಲು ಸಾಕು. ಬಿರುಕು ಸಣ್ಣದಿದ್ದಾಗಲೇ ಟಾರು ಸುರಿದು ಮುಚ್ಚಿದರೆ ಖರ್ಚು ಕಡಿಮೆ. ಬಿಟ್ಟರೆ ಇಡೀ ಪಟ್ಟಿಯನ್ನೇ ಅಗೆದು ಹೊಸದಾಗಿ ಹಾಕಬೇಕು. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಗೋಧಿ ಹೊಲ, ಸೇಬಿನ ತೋಟ, ಕಾಡು ಮತ್ತು ದ್ವೀಪಗಳ ನಡುವೆ ಹರಡಿಕೊಂಡಿರುವ ನೂರಕ್ಕೂ ಹೆಚ್ಚು ಸಣ್ಣ ವಿಮಾನ ನಿಲ್ದಾಣಗಳನ್ನು ನೋಡಿಕೊಳ್ಳುವವರ ನಿತ್ಯದ ಚಿಂತೆ ಇದು: ಬಿರುಕು ಕಾಣುತ್ತಿದೆ, ದುಡ್ಡು ಎಲ್ಲಿಂದ ತರುವುದು?

ಈ ಪ್ರಶ್ನೆಗೆ ಆ ರಾಜ್ಯ ಕಂಡುಕೊಂಡ ಉತ್ತರಗಳಲ್ಲಿ ಒಂದು, ಕಡಿಮೆ ಬಡ್ಡಿಯ ಸರ್ಕಾರಿ ಸಾಲ. ಅಮೆರಿಕದ ಬೇರೆ ಕೆಲವು ರಾಜ್ಯಗಳಲ್ಲಿ ಇಂಥದೇ ಏರ್ಪಾಡು ದಶಕಗಳಿಂದ ಇದೆ. ವಿಮಾನ ನಿಲ್ದಾಣಕ್ಕೆ ಸಾಲ ಎಂದ ಕೂಡಲೇ ನಮಗೆ ಸಾವಿರಾರು ಕೋಟಿಯ ಟರ್ಮಿನಲ್ಲುಗಳು ನೆನಪಾಗುತ್ತವೆ. ಇಲ್ಲಿನ ಮಾತು ಅದಲ್ಲ. ಹತ್ತು ಸಣ್ಣ ವಿಮಾನ ನಿಲ್ಲಿಸುವ ತಗಡಿನ ಶೆಡ್ಡು, ಒಂದು ಇಂಧನ ಟ್ಯಾಂಕು, ಒಂದು ನೀರಿನ ಪೈಪು, ಇಷ್ಟಕ್ಕೆ ಬೇಕಾದ ಸಾಲದ ಮಾತು. ಮೊತ್ತ ಸಣ್ಣದು. ಆದರೆ ಊರಿನ ಒಂದು ಸಾರ್ವಜನಿಕ ಆಸ್ತಿ ಉಳಿಯುತ್ತದೋ ಇಲ್ಲವೋ ಎಂಬುದು ಅದರ ಮೇಲೇ ನಿಂತಿರುತ್ತದೆ.

ಸಣ್ಣ ನಿಲ್ದಾಣ ಎಂದರೆ ಏನೆಂದು ಬೆಂಗಳೂರಿನವರಿಗೆ ಹೇಳಲು ಜಕ್ಕೂರಿನ ಹೆಸರು ಸಾಕು. ಅಲ್ಲಿಂದ ದೆಹಲಿಗೋ ಮುಂಬೈಗೋ ಟಿಕೆಟ್ ಸಿಗುವುದಿಲ್ಲ. ವಿಮಾನ ಚಾಲನೆ ಕಲಿಸುವ ಸರ್ಕಾರಿ ಶಾಲೆ ಇದೆ, ಹ್ಯಾಂಗರುಗಳಿವೆ, ಸಣ್ಣ ವಿಮಾನ ಮತ್ತು ಹೆಲಿಕಾಪ್ಟರುಗಳು ಬಂದು ಹೋಗುತ್ತವೆ. ಅಮೆರಿಕದಲ್ಲಿ ಇಂಥ ನಿಲ್ದಾಣಗಳು ಸಾವಿರಾರು. ಸಾರ್ವಜನಿಕ ಬಳಕೆಗೆ ತೆರೆದ ಸುಮಾರು 5,000 ನಿಲ್ದಾಣಗಳಲ್ಲಿ ನಿತ್ಯ ಪ್ರಯಾಣಿಕ ವಿಮಾನ ಬರುವವು ಕೆಲವು ನೂರು ಮಾತ್ರ. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದ ನೂರಾರು ವಿಮಾನ ನೆಲೆಗಳನ್ನು ಕೇಂದ್ರ ಸರ್ಕಾರ ಊರುಗಳಿಗೆ, ಕೌಂಟಿಗಳಿಗೆ ಬಿಟ್ಟುಕೊಟ್ಟಿತು. ಹೀಗೆ ಪುರಸಭೆಗಳು ವಿಮಾನ ನಿಲ್ದಾಣದ ಒಡೆಯರಾದವು. ವಾಷಿಂಗ್ಟನ್‌ನಲ್ಲಂತೂ ಸಮುದ್ರದ ಗಾಳಿಯೂ ಸುಳಿಯದ ಒಳನಾಡಿನ ತಾಲೂಕುಗಳಲ್ಲೂ 'ಬಂದರು ಜಿಲ್ಲೆ' ಎಂಬ ಚುನಾಯಿತ ಸಂಸ್ಥೆಗಳಿವೆ. ಹಡಗು ಕಾಣದ ಆ ಬಂದರು ಮಂಡಳಿಗಳೇ ಎಷ್ಟೋ ಕಡೆ ವಿಮಾನ ನಿಲ್ದಾಣ ನಡೆಸುತ್ತವೆ.

ಟಿಕೆಟ್ ಮಾರದ ನಿಲ್ದಾಣದಿಂದ ಊರಿಗೆ ಏನು ಉಪಯೋಗ? ಸಿಯಾಟಲ್‌ನ ಉತ್ತರಕ್ಕಿರುವ ಸ್ಯಾನ್ ಹ್ವಾನ್ ದ್ವೀಪಗಳನ್ನು ನೋಡಬಹುದು. ಅಲ್ಲಿಗೆ ಸೇತುವೆ ಇಲ್ಲ, ಹೋಗಿಬರಲು ಫೆರ್ರಿಯೇ ಗತಿ. ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ ಫೆರ್ರಿ ಕಾಯುವ ಹಾಗಿಲ್ಲ. ಫ್ರೈಡೇ ಹಾರ್ಬರ್ ಎಂಬ ಪಟ್ಟಣದ ಸಣ್ಣ ನಿಲ್ದಾಣದಿಂದ ಏರ್ ಆಂಬುಲೆನ್ಸ್ ಏರಬೇಕು. ಕ್ಯಾಸ್ಕೇಡ್ ಪರ್ವತಗಳ ಆಚೆ ಮೆಥಾವ್ ಕಣಿವೆಯಲ್ಲಿ ರಾಜ್ಯ ಸರ್ಕಾರವೇ ನಡೆಸುವ ಒಂದು ನಿಲ್ದಾಣವಿದೆ. ಕಾಡ್ಗಿಚ್ಚು ಎದ್ದಾಗ ಪ್ಯಾರಾಶೂಟ್ ಕಟ್ಟಿಕೊಂಡು ಬೆಂಕಿಯ ಹತ್ತಿರ ಧುಮುಕುವ 'ಸ್ಮೋಕ್‌ಜಂಪರ್'ಗಳ ನೆಲೆ ಅದು. ಆ ಸಾಹಸದ ಮೊದಲ ಪ್ರಯೋಗಗಳು ನಡೆದದ್ದು 1939ರಲ್ಲಿ, ಅದೇ ಕಣಿವೆಯ ವಿಂತ್ರಪ್ ಎಂಬ ಊರಿನ ಬಳಿ. ಪೂರ್ವದ ಬಯಲಿನಲ್ಲಿ ಬೆಳೆಗೆ ಔಷಧ ಸಿಂಪಡಿಸುವ ವಿಮಾನಗಳು ಹೊರಡುವುದೂ ಇಂಥ ನಿಲ್ದಾಣಗಳಿಂದಲೇ. ರಸ್ತೆ, ಕೆರೆ, ಆಸ್ಪತ್ರೆಗಳಂತೆ ಇದೂ ಊರಿನ ಆಸ್ತಿ. ಆ ದ್ವೀಪದವರನ್ನು ಯಾರೂ ಇದು ಶ್ರೀಮಂತರ ಶೋಕಿ ಎಂದು ಒಪ್ಪಿಸಲಾರರು.

ಇನ್ನು ದುಡ್ಡಿನ ವಿಚಾರ. ಅಮೆರಿಕದ ಕೇಂದ್ರ ಸರ್ಕಾರ 1982ರಿಂದ 'ಏರ್‌ಪೋರ್ಟ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ' ಎಂಬ ಯೋಜನೆಯಡಿ ಅನುದಾನ ಕೊಡುತ್ತ ಬಂದಿದೆ. ಅದಕ್ಕೆ ಬೇಕಾದ ಹಣ ವಿಮಾನ ಟಿಕೆಟ್ ಮತ್ತು ಇಂಧನದ ಮೇಲಿನ ತೆರಿಗೆಯಿಂದ ಬರುತ್ತದೆ. ಸಣ್ಣ ನಿಲ್ದಾಣಗಳ ಕಾಮಗಾರಿಗೆ ಬಹುಕಾಲ ಶೇ. 90ರಷ್ಟನ್ನು ಕೇಂದ್ರವೇ ಕೊಡುತ್ತಿತ್ತು. ಉಳಿದದ್ದನ್ನು ರಾಜ್ಯ ಮತ್ತು ಊರು ಹೊಂದಿಸಬೇಕಿತ್ತು. ಕೇಳಲು ಉದಾರವಾದ ಯೋಜನೆ. ತೊಡಕುಗಳು ಒಳಗಿವೆ. ಮೊದಲನೆಯದಾಗಿ, ರಾಷ್ಟ್ರೀಯ ಪಟ್ಟಿಯಲ್ಲಿರುವ ಸುಮಾರು 3,300 ನಿಲ್ದಾಣಗಳಿಗೆ ಮಾತ್ರ ಈ ಹಣ. ಪಟ್ಟಿಯಲ್ಲಿಲ್ಲದ ನಿಲ್ದಾಣಕ್ಕೆ ಒಂದು ಡಾಲರೂ ಇಲ್ಲ, ಮತ್ತು ವಾಷಿಂಗ್ಟನ್‌ನ ಸಾರ್ವಜನಿಕ ನಿಲ್ದಾಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆ ಪಟ್ಟಿಯ ಹೊರಗೇ ಇವೆ. ಎರಡನೆಯದಾಗಿ, ಪಟ್ಟಿಯೊಳಗಿದ್ದರೂ ಚಿಕ್ಕ ನಿಲ್ದಾಣಕ್ಕೆ ಹಕ್ಕಿನಿಂದ ಸಿಗುವ ಪಾಲು ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ ಡಾಲರ್ ಎಂದು ಬಹಳ ಕಾಲ ನಡೆದುಬಂತು. ಅಷ್ಟರಲ್ಲಿ ರನ್‌ವೇ ಹಾಕಲಾಗದು, ಮೂರ್ನಾಲ್ಕು ವರ್ಷದ ಪಾಲು ಕೂಡಿಟ್ಟುಕೊಳ್ಳಬೇಕು. ಮೂರನೆಯ ತೊಡಕೇ ಈ ಲೇಖನಕ್ಕೆ ಮುಖ್ಯ. ಅನುದಾನದ ಮೊದಲ ಗುರಿ ಸುರಕ್ಷತೆ. ರನ್‌ವೇ, ಟ್ಯಾಕ್ಸಿವೇ, ದೀಪಗಳು ಮೊದಲು. ಆದಾಯ ತರುವ ಹ್ಯಾಂಗರು, ಇಂಧನ ಟ್ಯಾಂಕುಗಳ ಸರದಿ ಬರುವುದು ಆ ಕೆಲಸಗಳೆಲ್ಲ ಮುಗಿದ ಮೇಲೆ. ಸಣ್ಣ ನಿಲ್ದಾಣದಲ್ಲಿ ಆ ಕೆಲಸಗಳು ಮುಗಿಯುವುದು ಅಪರೂಪ.

ಪರಿಣಾಮ ಊಹಿಸುವುದು ಕಷ್ಟವಲ್ಲ. ಅನುದಾನದಿಂದ ರನ್‌ವೇ ಹೊಸದಾಗುತ್ತದೆ. ಆದರೆ ವಿಮಾನ ನಿಲ್ಲಿಸಲು ಜಾಗವಿಲ್ಲ, ತುಂಬಿಸಿಕೊಳ್ಳಲು ಇಂಧನವಿಲ್ಲ. ಬಂದ ಪೈಲಟ್ ಪಕ್ಕದ ಊರಿಗೆ ಹಾರುತ್ತಾನೆ. ನಿಲ್ದಾಣಕ್ಕೆ ಬಾಡಿಗೆ ಬರುವುದಿಲ್ಲ, ಇಂಧನದ ಲಾಭವೂ ಬರುವುದಿಲ್ಲ. ಬಿರುಕು ಮುಚ್ಚುವ ಟಾರಿಗೂ ಊರಿನ ತೆರಿಗೆಯ ಮುಂದೆಯೇ ಕೈಚಾಚಬೇಕು. ಬ್ಯಾಂಕು ಇಂಥ ನಿಲ್ದಾಣಕ್ಕೆ ಸುಲಭವಾಗಿ ಸಾಲ ಕೊಡುವುದಿಲ್ಲ, ಏಕೆಂದರೆ ಅಡವಿಡಲು ಏನೂ ಇಲ್ಲ. ಅನುದಾನ ಪಡೆದ ನಿಲ್ದಾಣ ಆ ಜಾಗವನ್ನು ಮನಬಂದಂತೆ ಮಾರುವ ಹಾಗಿಲ್ಲ, ಅಲ್ಲಿ ಬಂದ ಆದಾಯವನ್ನು ಬೇರೆ ಖರ್ಚಿಗೆ ತಿರುಗಿಸುವ ಹಾಗೂ ಇಲ್ಲ ಎಂದು ಕೇಂದ್ರದ ಕರಾರು ಕಟ್ಟಿಹಾಕಿರುತ್ತದೆ. ಸಾರ್ವಜನಿಕ ಆಸ್ತಿಯನ್ನು ಕಾಪಾಡುವ ಒಳ್ಳೆಯ ಕರಾರು ಅದು. ಸಾಲ ಕೊಡುವವನ ಕಣ್ಣಿಗೆ ಮಾತ್ರ ಅದೇ ಅಡ್ಡಿ.

ಈ ಸಂದಿಯಲ್ಲೇ ರಾಜ್ಯದ ಸಾಲ ಬಂದದ್ದು. 2019ರಲ್ಲಿ ವಾಷಿಂಗ್ಟನ್ ಶಾಸನಸಭೆ 50 ಲಕ್ಷ ಡಾಲರ್ ತೆಗೆದಿಟ್ಟು ಪ್ರಾಯೋಗಿಕವಾಗಿ ಒಂದು ಸಾಲ ಯೋಜನೆ ಶುರುಮಾಡಿತು; ಆಮೇಲೆ ಅದಕ್ಕೆ ಕಾಯಂ ಕಾನೂನಿನ ಬಲ ಕೊಟ್ಟಿತು. ಸಾಲ ಯಾರಿಗೆ ಎಂದು ತೀರ್ಮಾನಿಸುವ ಮಂಡಳಿಯ ಹೆಸರು 'ಕಮ್ಯುನಿಟಿ ಏವಿಯೇಷನ್ ರಿವೈಟಲೈಸೇಷನ್ ಬೋರ್ಡ್'. ವರ್ಷಕ್ಕೆ 75,000ಕ್ಕಿಂತ ಕಡಿಮೆ ಪ್ರಯಾಣಿಕರು ವಿಮಾನ ಹತ್ತುವ ನಿಲ್ದಾಣಗಳಿಗಷ್ಟೇ ಇದು. ಸಿಯಾಟಲ್, ಸ್ಪೊಕೇನ್‌ನಂಥ ದೊಡ್ಡವು ಇದರ ಹತ್ತಿರ ಸುಳಿಯುವಂತಿಲ್ಲ. ತೀರಿಸಲು 20 ವರ್ಷದವರೆಗೆ ಅವಕಾಶ, ಮೊದಲ ಕಂತನ್ನು ಮೂರು ವರ್ಷದವರೆಗೆ ಮುಂದೂಡುವ ಅವಕಾಶವೂ ಉಂಟು. ಕಟ್ಟಿ ಮುಗಿಸಿ ಬಾಡಿಗೆ ಬರಲು ಶುರುವಾಗುವವರೆಗೆ ಕಂತಿನ ಕಾಟ ಇರಬಾರದೆಂಬ ಈ ತಿಳಿವಳಿಕೆ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ತೆಂಗಿನ ಸಸಿಗೆ ಸಾಲ ಕೊಟ್ಟು ಮರುವರ್ಷವೇ ಕಂತು ಕೇಳಿದರೆ ರೈತ ಏನಾಗಬೇಕು ಎಂದು ಬಲ್ಲವರಿಗೆ ಇದರ ಬೆಲೆ ಗೊತ್ತು.

ಬಡ್ಡಿ ಕಡಿಮೆಯಾದರೆ ನಿಜವಾಗಿ ಎಷ್ಟು ವ್ಯತ್ಯಾಸವಾಗುತ್ತದೆ? ಒಂದು ಲೆಕ್ಕ ಹಾಕೋಣ. ಒಂದು ಊರು 7.5 ಲಕ್ಷ ಡಾಲರ್ ಸಾಲ ಎತ್ತಿ ಹತ್ತು ವಿಮಾನಗಳ ಹ್ಯಾಂಗರು ಕಟ್ಟುತ್ತದೆ ಎಂದಿಟ್ಟುಕೊಳ್ಳಿ. ಸಣ್ಣ ನಿಲ್ದಾಣಗಳಲ್ಲಿ ಇದಕ್ಕೆ 'ಟಿ-ಹ್ಯಾಂಗರ್' ಎನ್ನುತ್ತಾರೆ. ವಿಮಾನಕ್ಕೆ ರೆಕ್ಕೆಯ ಕಡೆ ಅಗಲ ಜಾಗ ಬೇಕು, ಬಾಲದ ಕಡೆ ಕಿರಿದಾದರೂ ನಡೆಯುತ್ತದೆ. ಆದ್ದರಿಂದ ಪ್ರತಿ ಗೂಡನ್ನೂ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಮಾಡಿ, ಒಂದನ್ನು ಈ ಕಡೆಗೆ, ಇನ್ನೊಂದನ್ನು ಆ ಕಡೆಗೆ ಮುಖಮಾಡಿಸಿ, ಹಲ್ಲಿಗೆ ಹಲ್ಲು ಕೂಡಿಸಿದ ಹಾಗೆ ಜೋಡಿಸುತ್ತಾರೆ. ಒಂದೇ ಸೂರಿನಡಿ, ಅಂಗುಲ ಜಾಗವೂ ಪೋಲಾಗದಂತೆ ಹತ್ತು ವಿಮಾನ ನಿಲ್ಲುತ್ತವೆ. ಗೂಡಿಗೆ ತಿಂಗಳಿಗೆ 400 ಡಾಲರ್ ಬಾಡಿಗೆ ಎಂದರೆ ವರ್ಷಕ್ಕೆ 48,000 ಡಾಲರ್. ಈಗ ಸಾಲದ ಕಡೆ ನೋಡಿ. 20 ವರ್ಷಕ್ಕೆ ಶೇ. 2ರ ಬಡ್ಡಿಯಾದರೆ ವರ್ಷದ ಕಂತು ಸುಮಾರು 45,900 ಡಾಲರ್. ಬಾಡಿಗೆಯಿಂದಲೇ ತೀರುತ್ತದೆ, ಒಂದಿಷ್ಟು ಮಿಗುತ್ತದೆ. ಬಡ್ಡಿ ಶೇ. 6 ಆದರೆ ಕಂತು ಸುಮಾರು 65,400 ಡಾಲರ್. ಅಂದರೆ ವರ್ಷ ವರ್ಷವೂ 17,000 ಡಾಲರಿಗೂ ಹೆಚ್ಚು ಕೈಯಿಂದ ಹಾಕಬೇಕು. ಹ್ಯಾಂಗರು ಅದೇ, ಬಾಡಿಗೆ ಅದೇ, ಊರೂ ಅದೇ. ಒಂದು ಬಡ್ಡಿಯಲ್ಲಿ ಅದು ನಿಲ್ದಾಣವನ್ನು ಸಾಕುತ್ತದೆ, ಇನ್ನೊಂದು ಬಡ್ಡಿಯಲ್ಲಿ ನಿಲ್ದಾಣವೇ ಅದನ್ನು ಸಾಕಬೇಕಾಗುತ್ತದೆ.

ಇದೇ ಲೆಕ್ಕದಲ್ಲಿ ಎಚ್ಚರಿಕೆಯೂ ಇದೆ. ಹತ್ತರಲ್ಲಿ ಎರಡು ಗೂಡು ಖಾಲಿ ಬಿದ್ದರೆ ಬಾಡಿಗೆ 38,400ಕ್ಕೆ ಇಳಿಯುತ್ತದೆ; ಶೇ. 2ರ ಕಂತಿಗೂ ಅದು ಸಾಲದು. ಬಾಗಿಲಿನ ರಿಪೇರಿ, ವಿಮೆ, ಹಿಮ ತೆಗೆಯುವ ಖರ್ಚು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಾಗಾಗಿ ಸಾಲ ಕೊಡುವ ಮುನ್ನ ಮಂಡಳಿ ಕೇಳಬೇಕಾದ ಪ್ರಶ್ನೆ ಒಂದೇ: ಹ್ಯಾಂಗರಿಗಾಗಿ ಕಾಯುತ್ತಿರುವವರ ಪಟ್ಟಿ ಎಲ್ಲಿ? ಕಾಯುವವರಿದ್ದರೆ ಸಾಲ ಕೊಡಿ. ಇಲ್ಲದಿದ್ದರೆ ಬಡ್ಡಿ ಸೊನ್ನೆಯಾದರೂ ಅದು ಊರಿನ ಕೊರಳಿಗೆ ಕಲ್ಲು.

ಸೊನ್ನೆ ಬಡ್ಡಿಯ ಮಾತು ಬಂದಾಗ ಮಿನೆಸೋಟ ರಾಜ್ಯವನ್ನು ನೆನೆಯಬೇಕು. ಅಲ್ಲಿ ಹ್ಯಾಂಗರು ಕಟ್ಟಲು ರಾಜ್ಯ ಸರ್ಕಾರವೇ ವೆಚ್ಚದ ಶೇ. 80ರಷ್ಟನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಡುತ್ತದೆ. ಉಳಿದ ಶೇ. 20 ಊರಿನದು. ಒಂದೂರಿನಿಂದ ತಿಂಗಳ ಕಂತು ವಾಪಸು ಬಂದ ಹಾಗೆ ಅದೇ ಹಣ ಸರದಿಯಲ್ಲಿ ನಿಂತ ಮುಂದಿನ ಊರಿಗೆ ಹೋಗುತ್ತದೆ. ಇದಕ್ಕೆ ಆವರ್ತ ನಿಧಿ ಎನ್ನುತ್ತಾರೆ. ಈ ವಿಚಾರ ನಮಗೆ ಹೊಸದೇನಲ್ಲ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ನಡೆದದ್ದೂ, ತೀರಿದ ಸಾಲ ಇನ್ನೊಬ್ಬನ ಸಾಲವಾಗಬೇಕು ಎಂಬ ನಂಬಿಕೆಯ ಮೇಲೆಯೇ. ಅನುದಾನ ಒಮ್ಮೆ ಕೈಬಿಟ್ಟರೆ ಮುಗಿಯಿತು. ಸಾಲದ ಹಣ ತಿರುಗುತ್ತದೆ. ಬಡ್ಡಿ ಇಲ್ಲದಿದ್ದರೆ ಬೆಲೆಯೇರಿಕೆ ಆ ನಿಧಿಯನ್ನು ನಿಧಾನವಾಗಿ ಸವೆಸುವುದು ನಿಜ. ಅದಕ್ಕೇ ವಾಷಿಂಗ್ಟನ್‌ನಂತೆ ಸಣ್ಣ ಬಡ್ಡಿಯನ್ನಾದರೂ ಇಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ವರ್ಜೀನಿಯಾದಲ್ಲೂ ಇಂಥ ಆವರ್ತ ನಿಧಿ ಇದೆ, ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆಯೂ ಸಣ್ಣ ನಿಲ್ದಾಣಗಳಿಗೆ ಸಾಲ ಕೊಡುತ್ತದೆ.

ಇಂಧನದ ಟ್ಯಾಂಕಿಗೆ ಈಗ ಹೊಸ ತುರ್ತು ಬಂದಿದೆ. ಸಣ್ಣ ಪಿಸ್ಟನ್ ವಿಮಾನಗಳು ಇಂದಿಗೂ ಉರಿಸುವುದು ಸೀಸ ಬೆರೆತ ಪೆಟ್ರೋಲನ್ನು. ಕಾರುಗಳು ಬಿಟ್ಟು ಎಷ್ಟೋ ವರ್ಷಗಳಾದ ಸೀಸ ಆಕಾಶದಿಂದ ಇನ್ನೂ ಉದುರುತ್ತಿದೆ, ಅದೂ ನಿಲ್ದಾಣದ ಸುತ್ತ ಬೆಳೆಯುವ ಮಕ್ಕಳ ಮೇಲೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ 2022ರ ಜನವರಿಯಿಂದ ತನ್ನ ನಿಲ್ದಾಣಗಳಲ್ಲಿ ಸೀಸದ ಇಂಧನ ಮಾರುವುದನ್ನೇ ನಿಲ್ಲಿಸಿತು. ದೇಶ ಪೂರ್ತಿ 2030ರ ಕೊನೆಯ ಹೊತ್ತಿಗೆ ಅದರಿಂದ ಹೊರಬರುವ ಗುರಿ ಇಟ್ಟುಕೊಂಡಿದೆ. ಬದಲಾವಣೆಯ ಕಾಲದಲ್ಲಿ ಹಳೆಯ ಇಂಧನಕ್ಕೊಂದು, ಹೊಸದಕ್ಕೊಂದು ಎಂದು ಎರಡು ಟ್ಯಾಂಕು ಬೇಕು. ಒಂದೇ ಟ್ಯಾಂಕಿರುವ ಊರು ಎರಡನೆಯದನ್ನು ಯಾವ ದುಡ್ಡಿನಲ್ಲಿ ತರಬೇಕು? ಮಾರಿದ ಪ್ರತಿ ಗ್ಯಾಲನ್‌ನಿಂದ ನಾಲ್ಕು ಕಾಸು ಮಿಗುವ ಟ್ಯಾಂಕು ತನ್ನ ಸಾಲವನ್ನು ತಾನೇ ತೀರಿಸಿಕೊಳ್ಳಬಲ್ಲದು. ಕಡಿಮೆ ಬಡ್ಡಿಯ ಸಾಲಕ್ಕೆ ಇದಕ್ಕಿಂತ ಯೋಗ್ಯವಾದ ಕೆಲಸ ನನಗೆ ಕಾಣುವುದಿಲ್ಲ.

ವಿರೋಧದ ಮಾತುಗಳನ್ನೂ ತೂಗಬೇಕು. ಸ್ವಂತ ವಿಮಾನ ಇಟ್ಟುಕೊಂಡವರಿಗೆ ಸರ್ಕಾರದ ಹಣದಲ್ಲಿ ಶೆಡ್ಡು ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹ್ಯಾಂಗರಿಗೆ ಅನುದಾನ ಕೊಡುವುದಾದರೆ ನಾನೂ ಅವರ ಜೊತೆ ನಿಲ್ಲುತ್ತೇನೆ. ಆದರೆ ಸಾಲದ ಕಂತು ಕಟ್ಟುವುದು ಅದೇ ವಿಮಾನದವರ ಬಾಡಿಗೆಯಿಂದ. ಜನರ ಹಣ ಜನರಿಗೆ ಮರಳುತ್ತದೆ, ಮಿಕ್ಕ ಬಾಡಿಗೆ ರನ್‌ವೇಯ ಬಿರುಕು ಮುಚ್ಚುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಸಾಲ ಸಿಗುವುದು ತೀರಿಸಬಲ್ಲವರಿಗೆ. ನಾಲ್ಕೇ ವಿಮಾನವಿರುವ, ಬೆಂಕಿಯ ಕಾಲದಲ್ಲಿ ಮಾತ್ರ ಬೇಕಾಗುವ ಬೆಟ್ಟದ ನಿಲ್ದಾಣ ಏನು ತೋರಿಸಿ ಸಾಲ ಕೇಳಬೇಕು? ಅದಕ್ಕೆ ಸಾಲ ಮದ್ದಲ್ಲ. ಆ ನಿಲ್ದಾಣ ಬೇಕೆಂದಾದರೆ ಸರ್ಕಾರ ನೇರವಾಗಿ ಖರ್ಚು ಹಾಕಬೇಕು. ರನ್‌ವೇಯ ಮಾತೂ ಇಷ್ಟೇ. ಸಣ್ಣ ಊರಿನಲ್ಲಿ ರನ್‌ವೇ ತನ್ನ ವೆಚ್ಚವನ್ನು ತಾನು ದುಡಿಯಲಾರದು, ಹಳ್ಳಿಯ ರಸ್ತೆ ದುಡಿಯದ ಹಾಗೆ. ಆದಾಯವಿಲ್ಲದ ಕೆಲಸಕ್ಕೆ ಸಾಲ ಕೊಡುವುದೆಂದರೆ ಮುಂದೆ ಮನ್ನಾ ಮಾಡಬೇಕಾದ ಹಣವನ್ನು ಇಂದು ಸಾಲ ಎಂದು ಬರೆದಿಡುವುದು.

ಹಾಗೆ ಬರೆದಿಟ್ಟವರ ಉದಾಹರಣೆಗಳು ಯೂರೋಪಿನಲ್ಲಿವೆ. ವೇಲ್ಸ್ ಸರ್ಕಾರ 2013ರಲ್ಲಿ ಕಾರ್ಡಿಫ್ ನಿಲ್ದಾಣವನ್ನು 5.2 ಕೋಟಿ ಪೌಂಡ್ ಕೊಟ್ಟು ಕೊಂಡಿತು, ಆಮೇಲೆ ಸಾಲ ಕೊಡುತ್ತ ಹೋಯಿತು. ಕೋವಿಡ್ ಬಂದು ವಿಮಾನಗಳು ನಿಂತಾಗ, 2021ರಲ್ಲಿ 4 ಕೋಟಿ ಪೌಂಡಿಗೂ ಹೆಚ್ಚಿನ ಸಾಲವನ್ನು ಮನ್ನಾ ಮಾಡಬೇಕಾಯಿತು. ಸ್ಕಾಟ್ಲೆಂಡ್ ಸರ್ಕಾರ ಅದೇ 2013ರಲ್ಲಿ ಪ್ರೆಸ್ಟ್‌ವಿಕ್ ನಿಲ್ದಾಣವನ್ನು ಬರೀ 1 ಪೌಂಡಿಗೆ ಕೊಂಡು, ಅದು ಮುಚ್ಚದಂತೆ ಸಾಲದ ಮೇಲೆ ಸಾಲ ಕೊಟ್ಟಿತು. ಐರೋಪ್ಯ ಒಕ್ಕೂಟದ ಲೆಕ್ಕ ಪರಿಶೋಧಕರು 2014ರಲ್ಲಿ ಐದು ದೇಶಗಳ 20 ನಿಲ್ದಾಣಗಳನ್ನು ಪರೀಕ್ಷಿಸಿ, ಒಕ್ಕೂಟದ ಹಣಕ್ಕೆ ತಕ್ಕ ಫಲ ಸಿಕ್ಕಿಲ್ಲ, ಕಟ್ಟಿದ್ದರಲ್ಲಿ ಎಷ್ಟೋ ಬಳಕೆಯಾಗದೆ ಬಿದ್ದಿದೆ ಎಂದು ವರದಿ ಕೊಟ್ಟರು. ಈ ನಿಲ್ದಾಣಗಳು ವಾಷಿಂಗ್ಟನ್‌ನ ಪುಟ್ಟ ನಿಲ್ದಾಣಗಳಿಗಿಂತ ಎಷ್ಟೋ ಪಟ್ಟು ದೊಡ್ಡವು. ಅವು ನಂಬಿ ಕೂತದ್ದು ವಿಮಾನ ಕಂಪನಿಗಳನ್ನು. ಟರ್ಮಿನಲ್ ಕಟ್ಟಿದರೆ ಕಂಪನಿ ಬರುತ್ತದೆ ಎಂಬ ಆಸೆಯ ಮೇಲೆ ಎತ್ತಿದ ಸಾಲ ಒಂದು ಬಗೆ. ಹ್ಯಾಂಗರಿಗಾಗಿ ಕಾದು ನಿಂತವರ ಪಟ್ಟಿ ಕೈಯಲ್ಲಿಟ್ಟುಕೊಂಡು ಎತ್ತಿದ ಸಾಲ ಇನ್ನೊಂದು ಬಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮ ರಾಜ್ಯಕ್ಕೂ ಈ ಪ್ರಶ್ನೆ ದೂರದ್ದಲ್ಲ. 2017ರ ಏಪ್ರಿಲ್‌ನಲ್ಲಿ ಮೊದಲ ವಿಮಾನ ಹಾರಿಸಿದ ಉಡಾನ್ ಯೋಜನೆ ಸಣ್ಣ ಊರುಗಳಿಗೆ ಆಸೆ ಹುಟ್ಟಿಸಿತು. ಕಲಬುರಗಿ 2019ರ ನವೆಂಬರ್‌ನಲ್ಲಿ, ಬೀದರ್ 2020ರ ಫೆಬ್ರುವರಿಯಲ್ಲಿ ವಿಮಾನ ಕಂಡವು. ಶಿವಮೊಗ್ಗದಲ್ಲಿ ಸುಮಾರು 450 ಕೋಟಿ ರೂಪಾಯಿ ವೆಚ್ಚದ, 3.2 ಕಿಲೋಮೀಟರ್ ರನ್‌ವೇಯ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಮೊದಲ ಪ್ರಯಾಣಿಕ ವಿಮಾನ ಇಳಿದದ್ದು ಆಗಸ್ಟ್ 31ರಂದು. ಅದನ್ನು ನಡೆಸುವುದು ರಾಜ್ಯ ಸರ್ಕಾರದ್ದೇ ನಿಗಮ. ಉಡಾನ್‌ನಲ್ಲಿ ಖಾಲಿ ಸೀಟಿನ ನಷ್ಟ ತುಂಬಿಕೊಡುವ ಹಣ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಆಮೇಲೆ ಎಷ್ಟೋ ಮಾರ್ಗಗಳು ನಿಂತುಹೋದವು. ಬೀದರ್‌ನಲ್ಲಿ ಹಾರಾಟ ನಿಂತು, ಬಹಳ ದಿನ ಕಾದು, ಮತ್ತೆ ಶುರುವಾಯಿತು. ಮೈಸೂರಿನ ಮಂಡಕಳ್ಳಿಯವರಿಗೆ ಈ ಬರುವುದು ಹೋಗುವುದು 2010ರಿಂದಲೂ ಗೊತ್ತು. ವಿಮಾನ ಕಂಪನಿ ಹೊರಟುಹೋದ ದಿನ ನಿಲ್ದಾಣಕ್ಕೆ ಬೇರೆ ದುಡಿಮೆ ಇರುವುದಿಲ್ಲ. ಕಾವಲು, ಕರೆಂಟು, ಅಗ್ನಿಶಾಮಕದ ಖರ್ಚು ಮಾತ್ರ ನಿಲ್ಲುವುದಿಲ್ಲ.

ಈ ನಡುವೆ ಒಂದು ಒಳ್ಳೆಯ ಬೆಳವಣಿಗೆ ನಡೆದಿದೆ. ಕಲಬುರಗಿ, ಬೆಳಗಾವಿಗಳಲ್ಲಿ ವಿಮಾನ ಚಾಲನಾ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿದ್ದಾರೆ. ದಿನಕ್ಕೊಂದೆರಡು ಪ್ರಯಾಣಿಕ ವಿಮಾನ ಬರುವ ರನ್‌ವೇ ಮೇಲೆ ತರಬೇತಿಯ ಸಣ್ಣ ವಿಮಾನಗಳು ಬೆಳಗಿನಿಂದ ಸಂಜೆಯವರೆಗೆ ಇಳಿದು ಏರಬಲ್ಲವು. ಅವಕ್ಕೆ ಹ್ಯಾಂಗರು ಬೇಕು, ಇಂಧನ ಬೇಕು, ರಿಪೇರಿಗೆ ಜಾಗ ಬೇಕು. ಬಾಡಿಗೆ ಕೊಡಲು ಸಿದ್ಧರಿರುವವರು ಇವರು. ಇಂಥ ಕಡೆ ಸಾಲ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ.

ಸಾಲದ ಮೂಲವೂ ನಮ್ಮಲ್ಲಿದೆ. ಕೇಂದ್ರ ಸರ್ಕಾರ 2020-21ರಿಂದ ಬಂಡವಾಳ ವೆಚ್ಚಕ್ಕಾಗಿ ರಾಜ್ಯಗಳಿಗೆ 50 ವರ್ಷದ ಬಡ್ಡಿರಹಿತ ಸಾಲ ಕೊಡುತ್ತಿದೆ. 2025-26ರ ಬಜೆಟ್‌ನಲ್ಲಿ ಅದಕ್ಕೆಂದು ಇಟ್ಟದ್ದು 1.5 ಲಕ್ಷ ಕೋಟಿ ರೂಪಾಯಿ. ಆ ಸಾಲ ಬರುವುದು ರಾಜ್ಯದ ಬೊಕ್ಕಸಕ್ಕೆ. ಅಲ್ಲಿಂದ ನಿಲ್ದಾಣಕ್ಕೆ ಇಳಿಯುವಾಗ ಅದು ಸಾಲವಾಗಿ ಉಳಿಯುವುದಿಲ್ಲ, ಕಾಮಗಾರಿಯ ಬಿಲ್ಲಾಗಿ ಕರಗಿಹೋಗುತ್ತದೆ. ತಾನು ಇಷ್ಟು ಪಡೆದು ಇಷ್ಟು ತೀರಿಸಬೇಕು ಎಂಬ ಲೆಕ್ಕ ಯಾವ ನಿಲ್ದಾಣದ ವ್ಯವಸ್ಥಾಪಕನ ಮೇಜಿನ ಮೇಲೂ ಇರುವುದಿಲ್ಲ. ಕಂತು ಕಟ್ಟುವವನಿಗೆ ಮಾತ್ರ ಗೂಡು ಖಾಲಿ ಬಿದ್ದಿರುವುದು ಕಣ್ಣಿಗೆ ಚುಚ್ಚುತ್ತದೆ.

ಹಾಸನ, ವಿಜಯಪುರ, ರಾಯಚೂರು, ಕಾರವಾರ ಎಂದು ನಮ್ಮ ನಿಲ್ದಾಣಗಳ ಪಟ್ಟಿ ಬೆಳೆಯುತ್ತಿದೆ. ರನ್‌ವೇ, ದೀಪ, ಸುರಕ್ಷತೆಗೆ ಸರ್ಕಾರ ಧಾರಾಳವಾಗಿ ಕೊಡಲಿ, ಅದು ಅದರ ಕರ್ತವ್ಯ. ಹ್ಯಾಂಗರು, ಇಂಧನ, ತರಬೇತಿ ಶಾಲೆಯ ಕಟ್ಟಡ, ಸರಕಿನ ಗೋದಾಮುಗಳಿಗೆ ಮಾತ್ರ ಒಂದು ಪ್ರತ್ಯೇಕ ಆವರ್ತ ನಿಧಿ ಇಟ್ಟು, ಕಡಿಮೆ ಬಡ್ಡಿಗೆ ಸಾಲ ಕೊಟ್ಟು, ಯಾವ ನಿಲ್ದಾಣ ಎಷ್ಟು ತೀರಿಸಿತು ಎಂಬುದನ್ನು ವರ್ಷಕ್ಕೊಮ್ಮೆ ಜನರ ಮುಂದಿಡಲಿ. ಮುಂದಿನ ಬಜೆಟ್ ಸಿದ್ಧಪಡಿಸುವವರಲ್ಲಿ ನನ್ನ ವಿನಂತಿ ಇದು. ದೊಡ್ಡ ಮೊತ್ತವೇನೂ ಬೇಕಿಲ್ಲ. ವಾಷಿಂಗ್ಟನ್ ರಾಜ್ಯ ಶುರುಮಾಡಿದ್ದು 50 ಲಕ್ಷ ಡಾಲರಿನಿಂದ.